ಒಂಬತ್ತಡಿಯ ರಾಡು

ಕುರುಗೋಡು
ಶುಕ್ರವಾರ, 6 ಜೂನ್ 2025

ಶೇಖರ್ ಅವರಿಗೆ,

ಮೊದಲು ‘ಪ್ರೀತಿಯ ಶೇಖರ್’ ಎಂದೇ ಬರೆದಿದ್ದೆ. ಆಮೇಲೆ ‘ಪ್ರೀತಿಯ’ದ ಮೇಲೆ ಗೀಟು ಎಳೆದು, ಕೆಳಗೆ ಹೊಸದಾಗಿ ಬರೆದೆ. ಹಾಳೆ ಬದಲಿಸಬಹುದಿತ್ತು, ಬದಲಿಸಲಿಲ್ಲ. ಗೀಟಿನ ಅಡಿಯಲ್ಲಿ ಕಂಡರೆ ಕಾಣಲಿ ಬಿಡಿ.

ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆಯುವುದೇನು ಬಂತು ಎಂದು ನೀವು ನಗಬಹುದು. ಫೋನಿನಲ್ಲಿ ಬರೆದರೆ ಎರಡು ನೀಲಿ ಗೀಟು ಬಿದ್ದವೋ ಇಲ್ಲವೋ ಎಂದು ಗಳಿಗೆಗೊಮ್ಮೆ ನೋಡುತ್ತಾ ಕೂರಬೇಕು. ಆರನೇ ಕ್ಲಾಸಿನ ಮಕ್ಕಳಿಗೆ ಫೋನು ಮುಟ್ಟಬೇಡಿ ಎಂದು ಗದರುವ ಟೀಚರು ನಾನು. ಕಾಗದಕ್ಕಾದರೆ ಆ ಕಾಟವಿಲ್ಲ. ನೀವು ಓದಿದಿರೋ, ಓದದೆ ರೈಸ್ ಮಿಲ್ಲಿನ ಹೊಟ್ಟಿನ ರಾಶಿಯ ಮೇಲೆ ಎಸೆದಿರೋ, ನನಗೆ ತಿಳಿಯುವುದೇ ಇಲ್ಲ.

ವಿಷಯಕ್ಕೆ ಬರುತ್ತೇನೆ. ವಕೀಲೆ ನಾಗಲಕ್ಷ್ಮಿಯವರು ಹೋದ ವಾರ ಫೋನು ಮಾಡಿದ್ದರು. ಹದಿನೇಳನೇ ತಾರೀಖು ಬಳ್ಳಾರಿ ಕೋರ್ಟಿನಲ್ಲಿ ನಾವಿಬ್ಬರೂ ಎರಡನೇ ಸಲ ಹಾಜರಾಗಬೇಕಲ್ಲ. ಡಿಸೆಂಬರಿನಲ್ಲಿ ಸಹಿ ಮಾಡಿದಾಗ ಕೊಟ್ಟ ಆರು ತಿಂಗಳ ಗಡುವು ಅವತ್ತಿಗೆ ಮುಗಿದಿರುತ್ತದೆ. ಬೇರೆಯಾಗುವ ಮನಸ್ಸು ಇಬ್ಬರಿಗೂ ಈಗಲೂ ಇದೆಯೇ ಎಂದು ಕೇಳುತ್ತಾರಂತೆ. ಇಬ್ಬರೂ ಹೌದು ಎಂದರೆ ಮುಗಿಯಿತು. ಅಷ್ಟರೊಳಗೆ ಒಬ್ಬರ ಸಾಮಾನು ಇನ್ನೊಬ್ಬರ ಹತ್ತಿರ ಇದ್ದರೆ ಒಪ್ಪಿಸಿ, ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ ಎಂದರು. ಹಾಗಾಗಿ ಪಟ್ಟಿ ಮಾಡಲು ಕುಳಿತೆ. ನಿಮ್ಮ ಐಟಿಐ ಸರ್ಟಿಫಿಕೇಟು. ಒಂದು ಟೆಸ್ಟರು. ಕಾಲರು ಸವೆದ ಎರಡು ಶರ್ಟು. ಬಾಗಿಲ ಹಿಂದೆ ನಿಂತಿದ್ದ, ಮೀನು ಹಿಡಿಯುವ ಒಂಬತ್ತಡಿಯ ರಾಡು. ಅದರ ಜೊತೆಗಿನ ಬಿಸ್ಕತ್ತಿನ ಡಬ್ಬಿ.

ನೀವು ಬಿಟ್ಟುಹೋದದ್ದು ಇಷ್ಟೇ. ಹೋಗುವಾಗ ಒಯ್ದದ್ದು ಇದಕ್ಕಿಂತ ಕಡಿಮೆ. ಹೊಸದಾಗಿ ಬಂದ ಹೇಮಾ ಟೀಚರು ಒಮ್ಮೆ ಊಟದ ಹೊತ್ತಿನಲ್ಲಿ, ನಿಮಗೆ ಯಶೋಧರಾ ಎಂದು ಹೆಸರಿಟ್ಟವರು ಯಾರು ಮೇಡಂ ಎಂದು ಕೇಳಿ, ತಾನು ಕೇಳಿದ್ದೇನು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ನಾನೇ ನಕ್ಕು ಅವಳನ್ನು ಪಾರು ಮಾಡಿದೆ. ನಮ್ಮಪ್ಪ ಬುದ್ಧನ ಮೇಲಿನ ಭಕ್ತಿಯಿಂದ ಇಟ್ಟ ಹೆಸರು, ಅವರಿಗೇನು ಗೊತ್ತಿತ್ತು? ಆದರೂ ನನ್ನ ಗಂಡ ನಡುರಾತ್ರಿ ಎದ್ದು ಹೋದವನಲ್ಲ. ಸೋಮವಾರ ಬೆಳಿಗ್ಗೆ ಚಹಾ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಸಿರುಗುಪ್ಪದ ಮಿಲ್ಲಿನಲ್ಲಿ ಕೆಲಸ ಸಿಕ್ಕೈತಿ, ಹೋಗ್ತೀನಿ ಎಂದು ಹೇಳಿಯೇ ಹೋದವನು. ಆ ಲೋಟದಲ್ಲಿ ನಾನು ಬಹಳ ದಿನ ಚಹಾ ಕುಡಿಯಲಿಲ್ಲ.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ರಾಡನ್ನು ಪಟ್ಟಿಗೆ ಸೇರಿಸಿ ನಿಮಗೆ ಕಳಿಸುವ ಮನಸ್ಸು ನನಗಿರಲಿಲ್ಲ. ಮಾರಿಬಿಡಬೇಕು ಎಂದಿದ್ದೆ. ನನ್ನ ಮೊದಲ ಸಂಬಳದಲ್ಲಿ ತಂದದ್ದು ತಾನೇ, ನನ್ನದೇ ಎಂದು ವಾದವನ್ನೂ ಹೂಡಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ಬಾಗಿಲು ಹಾಕಿದಾಗಲೆಲ್ಲ ಅದು ಸರಿದು ಗೋಡೆಗೆ ಟಕ್ಕೆಂದು ಬಡಿಯುತ್ತಿತ್ತು, ಯಾರೋ ಬಂದರೇನೋ ಎಂದು ನಾನು ತಿರುಗಿ ನೋಡುತ್ತಿದ್ದೆ. ಮೂರು ವರ್ಷ ತಿರುಗಿ ನೋಡಿ ಸಾಕಾಗಿತ್ತು.

ಮೊನ್ನೆ ಬುಧವಾರ ಅರ್ಧ ದಿನ ರಜೆ ಹಾಕಿ, ರಾಡನ್ನು ಎರಡು ತುಂಡು ಬಿಚ್ಚಿ ಬಟ್ಟೆ ಸುತ್ತಿಕೊಂಡು ಬಳ್ಳಾರಿಗೆ ಹೋದೆ. ಬಿಸ್ಕತ್ತಿನ ಡಬ್ಬಿಯನ್ನೂ ಒಯ್ದೆ. ಗಾಳದ ಸಾಮಾನು ಮಾರುವ ಎರ್ರಣ್ಣನ ಅಂಗಡಿ ನಿಮಗೆ ಗೊತ್ತಿರುವುದೇ. ನಿಮಗೆ ಎಷ್ಟು ಚೆನ್ನಾಗಿ ಗೊತ್ತು ಎಂಬುದು ನನಗೆ ಅವತ್ತು ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಎರ್ರಣ್ಣ ರಾಡು ಜೋಡಿಸಿ, ಒಮ್ಮೆ ಗಾಳಿಯಲ್ಲಿ ಬೀಸಿ, ಒಳ್ಳೆ ಮಾಲು ಎಂದ. ಹಿಡಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ತೋರಿಸಿದ. ನಲವತ್ತರಿಂದ ಎಂಬತ್ತು ಗ್ರಾಂ. ಅಷ್ಟು ತೂಕದ ಗಾಳ ಎಸೆಯಲು ಮಾಡಿದ ರಾಡಂತೆ, ಸಮುದ್ರದ ದಂಡೆಯಲ್ಲಿ ನಿಂತು ಎಸೆಯುವಂಥದು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದ. ನೀವು ಜೀನ್ಸ್ ಫ್ಯಾಕ್ಟರಿಯ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದಾಗ ಆರಿಸಿ ತಂದ ಜಿಪ್ಪಿನ ಕೊಂಡಿ, ತಾಮ್ರದ ಗುಂಡಿ, ಅವನ್ನು ತಟ್ಟಿ ಚಪ್ಪಟೆ ಮಾಡಿ, ನೀಲಿ ದಾರದ ಬಾಲ ಕಟ್ಟಿ ಮಾಡಿದ, ಮೀನನ್ನು ಮರುಳು ಮಾಡಿ ಸೆಳೆಯುವ ಪುಟಾಣಿ ಲೂರುಗಳು, ಎಲ್ಲ ಸಾಲಾಗಿ ಮಲಗಿದ್ದವು. ಎರ್ರಣ್ಣ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ತಕ್ಕಡಿಗೆ ಹಾಕಿದ. ಐದು ಗ್ರಾಂ. ನನ್ನ ಮುಖ ನೋಡಿ ಕೇಳಿದ:

“ಮೇಡಂ, ಈ ರಾಡು, ಈ ಲೂರು, ಎರಡೂ ಒಬ್ಬರದಾ?”

ಹೌದು ಎಂದೆ. ಆತ ನಗಲು ಹೋಗಿ ನಿಲ್ಲಿಸಿದ.

“ತಪ್ಪು ತಿಳ್ಕಬ್ಯಾಡ್ರಿ. ರಾಡು ಎಸಿಬೇಕಂದ್ರ ಮದ್ಲು ಅದು ಬಾಗಬೇಕು ನೋಡ್ರಿ. ಲೂರಿನ ಭಾರಕ್ಕ ಹಿಂದಕ್ಕ ಬಾಗಿ, ಮುಂದಕ್ಕ ಚಿಮ್ಮತೈತಿ. ಇದಕ್ಕ ಐದು ಗ್ರಾಂ ಕಟ್ಟಿದ್ರ ಕಟ್ಟೀರಂತ ಗೊತ್ತ ಆಗಂಗಿಲ್ಲ. ಮೂರು ಮಾರು ದೂರ ಸೈತ ಹೋಗಂಗಿಲ್ಲ, ಕಾಲ ಬುಡದಾಗ ಬೀಳತೈತಿ.”

ಹಾಗಾದರೆ ದೊಡ್ಡ ಲೂರು ಕಟ್ಟಬಹುದಿತ್ತಲ್ಲ ಎಂದೆ. ನಿಮ್ಮ ಮೇಲಿನ ಸಿಟ್ಟು ಆಗಲೂ ಪೂರ್ತಿ ಹೋಗಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಾಗಿ ನಿಂತಾಗ ನೀರು ತಿಳಿಯಾಗಿರುತ್ತದಂತೆ, ಭಾರದ್ದು ದಬ್ಬೆಂದು ಬಿದ್ದರೆ ಕೊರಮೀನು ಆ ಕಡೆಗೆ ಮತ್ತೆ ಬರುವುದಿಲ್ಲವಂತೆ. ತೂಕಕ್ಕೆಂದು ಸೀಸ ಕಟ್ಟಿದರೆ ಲೂರು ಕುಣಿಯುವುದಿಲ್ಲವಂತೆ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಎರ್ರಣ್ಣ ನೀರು ತರಿಸಿ ಕೊಟ್ಟ.

ಶೇಖರ್, ನಮ್ಮ ಮದುವೆಯ ಮೊದಲ ವರ್ಷದ ದಿನ ಆ ರಾಡನ್ನು ನಿಮ್ಮ ಕೈಗೆ ಕೊಟ್ಟದ್ದು ನೆನಪಿದೆಯೇ? ಟೀಚರುಗಳ ತರಬೇತಿಗೆ ಚೆನ್ನೈಗೆ ಹೋದವಳು ಹುಡುಕಿಕೊಂಡು ಹೋಗಿ ತಂದಿದ್ದೆ. ಅಂಗಡಿಯವನು ದೊಡ್ಡ ಮೀನಿಗೋ ಸಣ್ಣ ಮೀನಿಗೋ ಎಂದು ಕೇಳಿದಾಗ, ನನ್ನ ಗಂಡನಿಗೆ ಸಣ್ಣದೇಕೆ, ದೊಡ್ಡದಕ್ಕೇ ಕೊಡಿ ಎಂದಿದ್ದೆ. ನೀವು ಅಮೆರಿಕದವರು ಬಾಸ್ ಎಂಬ ಮೀನು ಹಿಡಿಯುವ ವಿಡಿಯೊಗಳನ್ನು ಊಟ ಬಿಟ್ಟು ನೋಡುತ್ತಿದ್ದಿರಿ, ನಮ್ಮ ಕೊರಮೀನೂ ಅದರಂತೆಯೇ ಜೊಂಡಿನ ಬುಡದಲ್ಲಿ ಹೊಂಚು ಹಾಕುತ್ತದೆ ಎಂದು ನನಗೆ ಪಾಠ ಹೇಳುತ್ತಿದ್ದಿರಿ. ನಾನು ಹೂಂ ಹೂಂ ಎನ್ನುತ್ತಾ ಅಕ್ಕಿ ಆರಿಸುತ್ತಿದ್ದೆ. ಕಿವಿಗೊಟ್ಟು ಕೇಳಿದ್ದರೆ ಬೆರಳುದ್ದದ ಲೂರಿಗೆ ಎಂಥ ರಾಡು ಬೇಕು ಎಂಬುದು ತಿಳಿಯುತ್ತಿತ್ತು. ರಾಡು ಬಿಚ್ಚಿ ನೋಡಿದವರು ನೀವು ಹೇಳಿದ್ದು ಎರಡೇ ಮಾತು: ಚಲೋ ಐತಿ. ಆಮೇಲೆ ಅದನ್ನು ಆರು ವರ್ಷ ಭಾನುವಾರ ಭಾನುವಾರ ಹೊತ್ತುಕೊಂಡು ಸಿರುಗುಪ್ಪದ ಹೊಳೆಗೆ ಹೋದಿರಿ.

ಆರು ವರ್ಷ ಬರಿಗೈಲಿ ಬಂದಿರಿ. ಮೀನು ಸಿಕ್ಕಿತೇ ಎಂದರೆ ಇಲ್ಲ ಎನ್ನುತ್ತಿದ್ದಿರಿ. ಹಿಡಿದು ಬಿಟ್ಟುಬಿಟ್ಟೆ ಎಂದಿದ್ದರೆ ನಾನು ನಂಬುತ್ತಿದ್ದೆ, ಹಾಗೆ ಹಿಡಿದು ಬಿಡುವವರ ವಿಡಿಯೊಗಳನ್ನು ನೀವೇ ತೋರಿಸಿದ್ದಿರಿ. ಆದರೆ ನೀವು ಸುಳ್ಳು ಹೇಳುವವರಲ್ಲ. ಅಂಬೇಡ್ಕರ್ ಭವನದಲ್ಲಿ ಬೌದ್ಧ ಭಿಕ್ಷು ಭಂತೇಜಿಯವರ ಮುಂದೆ ಕುಳಿತು ಪಂಚಶೀಲ ಹೇಳಿದ ದಿನ, ಸುಳ್ಳಾಡುವುದಿಲ್ಲ ಎಂಬ ಶೀಲವನ್ನು ನೀವು ಉಳಿದವರಿಗಿಂತ ಗಟ್ಟಿಯಾಗಿ ಹೇಳಿದ್ದಿರಿ, ನಮ್ಮವ್ವ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಸುಳ್ಳಾಡಲಿಲ್ಲ ಸರಿ, ನಿಜ ಹೇಳಲು ನಿಮ್ಮ ಬಾಯಿಗೆ ಏನಾಗಿತ್ತು? ಯಶೋಧರಾ, ಈ ರಾಡು ನನಗೆ ಸರಿಹೋಗುವುದಿಲ್ಲ ಎಂದರೆ ನಾನು ನಿಮ್ಮನ್ನು ಹುರಿದು ತಿನ್ನುತ್ತಿದ್ದೆನೇ? ಒಂದು ದಿನ ಮುಖ ಊದಿಸಿಕೊಂಡಿರುತ್ತಿದ್ದೆ. ಹೆಚ್ಚೆಂದರೆ ಎರಡು ದಿನ.

ಇರಲಿ, ನನ್ನ ಪಾಲಿಗೂ ಬರುತ್ತೇನೆ.

ನೀವು ಮನೆ ಬಿಟ್ಟ ವರ್ಷದ ಫೆಬ್ರವರಿಯಲ್ಲಿ ಸಿರುಗುಪ್ಪದಲ್ಲಿ ಸೋದರಮಾವನ ಮನೆಯ ಗೃಹಪ್ರವೇಶಕ್ಕೆ ಹೋದವಳು ನಿಮಗೆ ಹೇಳದೆ ಹೊಳೆ ದಂಡೆಗೂ ಹೋಗಿದ್ದೆ. ಹರಿಗೋಲು ಹಾಕುವ ಹೊನ್ನೂರಪ್ಪನನ್ನು ಕಂಡು, ಭಾನುವಾರ ಭಾನುವಾರ ಬಳ್ಳಾರಿಯಿಂದ ಒಬ್ಬರು ಮೀನು ಹಿಡಿಯಲು ಬರುತ್ತಾರಲ್ಲ ಎಂದು ಕೇಳಿದೆ. ಯಾರು ಏನು ಎಂದು ಹೇಳಲಿಲ್ಲ. ಆತ ಬೀಡಿ ಆರಿಸಿ ಹೇಳಿದ್ದು ಇದು:

“ಬರ್ತಾರ್ರೀ ಯವ್ವಾ, ಐತಾರ ತಪ್ಪಸಂಗಿಲ್ಲ. ಆದ್ರ ಮೀನ ಹಿಡಿಯಾದು ನಾನಂತೂ ಕಂಡಿಲ್ಲ. ಅಷ್ಟುದ್ದ ಕೋಲು ಮಗ್ಗಲಕ ಇಟ್ಕಂಡು ನೀರು ನೋಡ್ಕಂತ ಕುಂದರ್ತಾರ. ಮೀನ ಹಿಡ್ಯಾಕ ಬಂದ ಮನಿಷ್ಯಾ ಅಲ್ಲ ಬಿಡ್ರಿ ಅವ.”

ಆತ ಕಂಡದ್ದನ್ನೇ ಹೇಳಿದ. ನಾನು ಮಾತ್ರ ಅದರಿಂದ ಏನೇನೋ ಕಟ್ಟಿಕೊಂಡು ಬಂದೆ. ಮೀನು ಹಿಡಿಯಲು ಅಲ್ಲದಿದ್ದರೆ ಮತ್ತೆ ಯಾತಕ್ಕೆ? ಸಿರುಗುಪ್ಪದಲ್ಲಿ ಯಾರಿದ್ದಾರೆ? ಕೋಟೆ ಗುಡ್ಡದ ಕೆಳಗಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಿಂತು ಅದನ್ನೇ ಕೇಳಿದೆ. ನೀವು ಹೇಳಿದಿರಿ: “ಯಾರೂ ಇಲ್ಲ. ಹೊಳಿ ಐತಿ, ಅಷ್ಟ.” ಮನೆಯಲ್ಲಿ ಹೆಂಡತಿಯ ಮುಖ ನೋಡಲಾಗದೆ ಹೊಳೆಯ ಮುಖ ನೋಡಲು ಹೋಗುವ ಗಂಡಸು ನನಗೆ ಬೇಡ ಎಂದೆ. ಇನ್ನೂ ಒಂದು ಮಾತು ಅಂದೆ. ಮಕ್ಕಳಾಗದ್ದಕ್ಕೆ ಮನೆ ಬೇಸರವಾಯಿತೇ ಎಂದೆ. ನೀವು ಒಲೆ ಆರಿಸಿ ಹೊರಗೆ ಹೋದಿರಿ. ಒಂದು ತಿಂಗಳಿಗೆ ಸಿರುಗುಪ್ಪದ ಮಿಲ್ಲಿಗೆ ಕೆಲಸಕ್ಕೆ ಹೋದಾಗ, ನೋಡಿದಿರಾ, ನಾನು ಅಂದದ್ದೇ ನಿಜವಾಯಿತು ಎಂದು ಎಲ್ಲರ ಮುಂದೆ ಹೇಳಿಕೊಂಡೆ. ನೀವು ರಾಡು ಬಿಟ್ಟು ಹೋದದ್ದನ್ನೂ ಅದಕ್ಕೇ ಸಾಕ್ಷಿ ಮಾಡಿಕೊಂಡೆ.

ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಇದೆಲ್ಲ ಒಮ್ಮೆಲೇ ತಲೆಗೆ ಬಂದು ನುಗ್ಗಿತು. ರಾಡು ಕೊಡುತ್ತೀರಾ ಹೇಗೆ ಎಂದು ಎರ್ರಣ್ಣ ಕೇಳಿದ. ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ದೊಡ್ಡ ಕಾಟ್ಲಾ ಮೀನು ಹಿಡಿಯುವವರು ಕಣ್ಣಿಗೊತ್ತಿಕೊಂಡು ಒಯ್ಯುತ್ತಾರಂತೆ. ಇದು ಮಾರುವುದಕ್ಕಲ್ಲ ಎಂದೆ, ಮಾರಲು ಬಂದವಳೇ. ಮತ್ತೆ ಏನು ಬೇಕಾಗಿತ್ತು ಎಂದು ಕೇಳಿದ. ಐದು ಗ್ರಾಂ ಲೂರು ಎಸೆಯುವ ರಾಡು ತೋರಿಸಿ ಎಂದೆ.

ನಿಮಗೆ ನಗು ಬರುತ್ತದೆ, ಗೊತ್ತು. ಒಂದೂವರೆ ಗಂಟೆ ಆರಿಸಿದೆ, ಮದುವೆ ಸೀರೆಗೂ ಅಷ್ಟು ಹೊತ್ತು ಹಿಡಿಸಿರಲಿಲ್ಲ. ಮೊದಲು ತೀರಾ ತೆಳ್ಳನೆಯದೊಂದನ್ನು ಕೊಟ್ಟ. ಗಾಳಿ ಬೀಸಿದರೆ ತುದಿ ನಡುಗುತ್ತಿತ್ತು. ಎಸೆಯಲು ಸೊಗಸು, ಆದರೆ ಕೊರಮೀನು ಕಚ್ಚಿಕೊಂಡು ಜೊಂಡಿನೊಳಗೆ ನುಗ್ಗಿದರೆ ಎಳೆದು ತರುವ ಕಸುವು ಇದಕ್ಕಿಲ್ಲ ಎಂದ. ಇನ್ನೊಂದಕ್ಕೆ ಕಸುವಿತ್ತು, ಆದರೆ ಅದು ಹತ್ತು ಗ್ರಾಮಿನ ಕೆಳಗೆ ಕೇಳುವುದಿಲ್ಲ. ಅವೆರಡರ ನಡುವಿನದು ಮೀಡಿಯಂ ಲೈಟ್. ಆರೂವರೆ ಅಡಿ ಉದ್ದ, ಮೇಲೆ ಮೂರರಿಂದ ಹತ್ತು ಗ್ರಾಂ ಎಂದು ಬರೆದಿತ್ತು. ತುದಿಯ ಕಡೆ ಮಾತ್ರ ಬಳುಕುತ್ತದೆ, ಹಿಡಿಕೆಯ ಕಡೆ ಬಿಗಿಯಾಗಿದೆ. ಬಾಸ್ ಮೀನಿಗೆಂದೇ ಮಾಡಿದ್ದು, ನಮ್ಮ ಕೊರಮೀನಿಗೂ ನಡೀತೈತಿ ಎಂದ ಎರ್ರಣ್ಣ.

ಇದು ಕಾಸ್ಟಿಂಗ್ ರಾಡು. ರೀಲು ಮೇಲೆ ಕೂರುತ್ತದೆ, ತೋರುಬೆರಳಿಗೆ ಕೆಳಗೊಂದು ಕೊಕ್ಕೆ ಇದೆ. ಎಸೆದ ಮೇಲೆ ಹೆಬ್ಬೆರಳಿನಿಂದ ದಾರದ ಉರುಳೆಯನ್ನು ಮೆಲ್ಲಗೆ ಒತ್ತಬೇಕು. ಒತ್ತದಿದ್ದರೆ ದಾರ ಗೂಡು ಕಟ್ಟಿಕೊಳ್ಳುತ್ತದೆ, ಬಹಳ ಒತ್ತಿದರೆ ಲೂರು ನಡುವೆಯೇ ನಿಂತು ಬೀಳುತ್ತದೆ. ಅಂಗಡಿಯ ಹಿಂದಿನ ಅಂಗಳದಲ್ಲಿ ಬಕೆಟ್ಟು ಇಟ್ಟು ನನ್ನ ಕೈಯಲ್ಲೂ ಎಸೆಸಿದ. ನಿಮ್ಮದೇ ತಾಮ್ರದ ಗುಂಡಿಯ ಲೂರು, ಮುಳ್ಳು ಬಿಚ್ಚಿ ಕಟ್ಟಿದ್ದು. ಮೂರು ಸಲ ಗೂಡು ಕಟ್ಟಿತು. ನಾಲ್ಕನೇ ಸಲ ಹಿಂದಕ್ಕೆ ಬೀಸಿದಾಗ ಅಷ್ಟು ಸಣ್ಣದರ ಭಾರ ನನ್ನ ಮಣಿಕಟ್ಟಿಗೆ ತಿಳಿಯಿತು. ಲೂರು ಹೋಗಿ ಬಕೆಟ್ಟಿನಾಚೆಯ ತುಳಸಿ ಕುಂಡಕ್ಕೆ ಬಿತ್ತು. ಎರ್ರಣ್ಣ ಶಹಬ್ಬಾಸ್ ಎಂದ. ನನಗೆ ಅಳು ಬಂತು. ಇಷ್ಟೇ ಸುಖಕ್ಕೆ ನೀವು ಆರು ವರ್ಷ ಕಾದಿದ್ದಿರಿ.

ಹಿಡಿಕೆ ಎರಡು ಬಗೆಯದಿತ್ತು, ಒಂದು ದಪ್ಪ, ಒಂದು ಸಣ್ಣ. ಹಿಡಿಯುವವರ ಕೈ ಎಷ್ಟು ದೊಡ್ಡದು ಎಂದು ಕೇಳಿದ. ನನ್ನ ಅಂಗೈ ಚಾಚಿ, ಅದರ ಮೇಲೆ ನಿಮ್ಮ ಅಂಗೈ ಇಟ್ಟರೆ ಬೆರಳು ಎಲ್ಲಿಗೆ ಬರುತ್ತಿದ್ದವು ಎಂದು ನೆನೆದು ತೋರಿಸಿದೆ. ಒಂದು ಗೆರೆಯಷ್ಟು ಹೆಚ್ಚು, ಅಷ್ಟೇ. ಮೂರು ವರ್ಷದ ಮೇಲೂ ಅದು ನನಗೆ ಮರೆತಿಲ್ಲ ಎಂಬುದು ಆ ಅಂಗಡಿಯಲ್ಲಿ ನಿಂತಾಗಲೇ ತಿಳಿದದ್ದು. ಸಣ್ಣ ಹಿಡಿಕೆಯದನ್ನೇ ಆರಿಸಿದೆ.

ಕಟ್ಟಿಕೊಡುವಾಗ ಎರ್ರಣ್ಣ ಡಬ್ಬಿಯನ್ನು ಮತ್ತೊಮ್ಮೆ ನೋಡಿ, ಈ ಜೀನ್ಸ್ ಗುಂಡಿಯ ಲೂರುಗಳನ್ನು ಹಿಂದೆಯೂ ಕಂಡಿದ್ದೇನೆ ಎಂದ.

“ಒಬ್ಬ ಮೆಕ್ಯಾನಿಕ್ ಸಾರು ಬರ್ತಿದ್ರು ಮೇಡಂ. ಇಂಥ ಮೀಡಿಯಂ ಲೈಟ್ ತಗದು ಕೈಯಾಗ ಹಿಡೀತಿದ್ರು, ಬೀಸಿ ನೋಡ್ತಿದ್ರು, ವಾಪಸ್ ಇಡ್ತಿದ್ರು. ಆವಾಗಿಂದು ಬ್ಯಾರೆ ಕಂಪನಿ. ತಗಳ್ರಿ ಸಾರ್, ರೇಟು ಕಡಿಮಿ ಮಾಡ್ತೀನಿ ಅಂದೆ. ಬ್ಯಾಡ, ಮನಿಯಾಗ ಒಂದೈತಿ, ಮನಿಯವ್ರು ಕೊಡ್ಸ್ಯಾರ, ಇದನ್ನ ಒಯ್ದ್ರ ಅದು ಮೂಲಿ ಸೇರತೈತಿ, ಆಕಿ ಮನಸಿಗೆ ಹತ್ತತೈತಿ ಅಂದ್ರು. ಅಂಥ ಗಂಡಸ್ರೂ ಇರ್ತಾರ ನೋಡ್ರಿ.”

ಆ ಮನಿಯವಳು ನಾನೇ ಎಂದು ಹೇಳದೆ, ದುಡ್ಡು ಎಣಿಸಿ ಕೊಟ್ಟು ಹೊರಟೆ.

ಈಗ ಬರೆಯಬೇಕಾದ್ದು ಸ್ವಲ್ಪವೇ ಇದೆ. ಡಿಸೆಂಬರಿನಲ್ಲಿ ಕೋರ್ಟಿನ ವರಾಂಡದ ಬೆಂಚಿನಲ್ಲಿ ನೀವು ಆ ತುದಿ, ನಾನು ಈ ತುದಿ ಕುಳಿತಿದ್ದೆವು. ಮಧ್ಯಾಹ್ನ ಎರಡಾಗಿತ್ತು. ನೀವು ನನ್ನ ಕಡೆ ನೋಡದೆ, “ಊಟ ಆತಾ?” ಎಂದು ಕೇಳಿದಿರಿ. ಆಯಿತು ಎಂದೆ. ಆಗಿರಲಿಲ್ಲ. ಆಗಿಲ್ಲ ಎಂದಿದ್ದರೆ ನೀವು ಕರೆದುಕೊಂಡು ಹೋಗಿ ಊಟ ಮಾಡಿಸುತ್ತಿದ್ದಿರಿ, ಆಮೇಲೆ ನನ್ನಿಂದ ಸಹಿ ಹಾಕಲು ಆಗುತ್ತಿರಲಿಲ್ಲ. ಸುಳ್ಳಾಡುವುದಿಲ್ಲ ಎಂದು ಶೀಲ ಹೇಳಿ ಮುರಿದವಳು ನಾನು.

ನನಗೆ ನೀವು ಬೇಕು ಶೇಖರ್. ಒಬ್ಬಳೇ ಇರುವ ಮನೆಯಲ್ಲಿ ಭಾನುವಾರ ಬಹಳ ಉದ್ದ. ಕುರುಗೋಡಿಗೆ ವರ್ಗವಾಗಿ ಬಂದು ಎರಡು ವರ್ಷವಾಯಿತು, ಒಳ್ಳೆಯ ಶಾಲೆ, ಒಳ್ಳೆಯ ಮಕ್ಕಳು, ಆದರೂ ಭಾನುವಾರ ಸಂಜೆ ಆರಕ್ಕೆ ಬಸ್ಸಿನ ಸದ್ದಾದರೆ ಕಿವಿ ಆ ಕಡೆಗೇ ಹೋಗುತ್ತದೆ. ಬರಿಗೈಲಿ ಬರುತ್ತಿದ್ದ ಆ ಮನುಷ್ಯ ಎಷ್ಟು ಚೆಂದವಿದ್ದ. ಹದಿನೇಳಕ್ಕೆ ಕೇಳಿದರೆ ಹೌದು ಎನ್ನಲು ನನ್ನಿಂದ ಆಗದು. ಆದರೆ ನೀವು ಹೌದು ಎನ್ನುವವರಾದರೆ ನಿಮ್ಮನ್ನು ಕಟ್ಟಿಹಾಕುವ ಮನಸ್ಸೂ ನನಗಿಲ್ಲ. ನಾನು ಅಂದ ಮಾತುಗಳಿಗೆ ನೀವು ಕೊಡುವ ಉತ್ತರ ಅದೇ ಆದರೆ ಅದನ್ನೂ ತೆಗೆದುಕೊಳ್ಳಬೇಕಾದವಳು ನಾನೇ.

ಹೊಸ ರಾಡನ್ನು ನಾಳೆ ಬಳ್ಳಾರಿಯಿಂದ ಬಸ್ಸಿನ ಪಾರ್ಸೆಲ್ಲಿಗೆ ಹಾಕುತ್ತೇನೆ. ಅದು ನಾಗಲಕ್ಷ್ಮಿಯವರ ಪಟ್ಟಿಯಲ್ಲಿಲ್ಲ, ಸಹಿ ಬೇಕಿಲ್ಲ. ಲಂಚವೆಂದೂ ತಿಳಿಯಬೇಡಿ. ಕೋರ್ಟಿನಲ್ಲಿ ಏನೇ ಆಗಲಿ, ಬೇಸಿಗೆಯ ಮಡುವಿನಲ್ಲಿ ನಿಮ್ಮ ಗುಂಡಿ ಲೂರು ಒಮ್ಮೆ ಜೊಂಡಿನ ಬುಡಕ್ಕೆ ಹೋಗಿ ಬೀಳಬೇಕು. ಅದು ನನ್ನ ಆಸೆ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಹೊಟ್ಟಿನ ಧೂಳಿಗೆ ನಿಮಗೆ ಕೆಮ್ಮು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಇಂತಿ,
ಪಟ್ಟಿಯಲ್ಲಿ ಸೇರದೆ ಉಳಿದ ನಿಮ್ಮ
ಯಶೋಧರಾ

ತಾ.ಕ.
ಸಿರುಗುಪ್ಪ, ಭಾನುವಾರ, 8 ಜೂನ್

ನಿನ್ನೆ ಪಾರ್ಸೆಲ್ಲಿನವನು ರಾಡನ್ನು ತೆಗೆದುಕೊಳ್ಳಲಿಲ್ಲ. ಇದು ಬಿಚ್ಚಿ ಎರಡು ಮಾಡುವಂಥದಲ್ಲ, ಬುಡದಿಂದ ತುದಿಯವರೆಗೆ ಒಂದೇ ತುಂಡು. ಒಂದೇ ತುಂಡಿನದಾದರೆ ಮೀನು ಮುಟ್ಟಿದ್ದೂ ಕೈಗೆ ತಿಳಿಯುತ್ತದೆ ಎಂದು ಎರ್ರಣ್ಣ ಹೇಳಿದ್ದಕ್ಕೆ ಅದನ್ನು ಆರಿಸಿದ್ದೆ. ಮೂಟೆಗಳ ನಡುವೆ ಹಾಕಿದ್ರ ಮುರೀತೈತಿ ಮೇಡಂ, ಯಾರಾರ ಕೈಯಾಗ ಹಿಡ್ಕಂಡ ಹೋಗಬೇಕು ಎಂದ ಪಾರ್ಸೆಲ್ಲಿನವನು. ಯಾರ ಕೈಯಲ್ಲಿ ಕೊಟ್ಟು ಕಳಿಸಲಿ? ಇವತ್ತು ಬೆಳಿಗ್ಗೆ ನಾನೇ ಬಸ್ಸು ಹತ್ತಿದೆ. ತೆಕ್ಕಲಕೋಟೆಯವರೆಗೆ ಸೀಟು ಸಿಗದೆ ಅದನ್ನು ನೆಟ್ಟಗೆ ಹಿಡಿದುಕೊಂಡು ನಿಂತೇ ಬಂದೆ.

ಈಗ ನಿಮ್ಮ ಮಿಲ್ಲಿನ ಗೇಟಿನ ಹೊರಗೆ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಸಾರು ಐತಾರ ಎಲ್ಲಿಗೂ ಹೋಗಂಗಿಲ್ಲ ಅಕ್ಕಾ, ಮ್ಯಾಲಿನ ರೂಮಿನಾಗ ಅದಾರ ಎಂದ ವಾಚ್‌ಮನ್ ಮಾರೇಶ್. ಒಳಗೆ ಬರಲು ಧೈರ್ಯ ಸಾಲಲಿಲ್ಲ, ಅದಕ್ಕೇ ಕಾಗದವನ್ನು ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಯಾರು ಬಂದಾರಂತ ಹೇಳ್ಲಿ ಎಂದು ಕೇಳುತ್ತಿದ್ದಾನೆ. ಹೆಂಡತಿ ಎಂದು ಹೇಳು ಎಂದಿದ್ದೇನೆ. ತಪ್ಪಿದ್ದರೆ ನೀವೇ ಕೆಳಗೆ ಬಂದು ತಿದ್ದಿ.